ಹಳೆ ಅಲ್ಯೂಮಿನಿಯಂ ಮೀನಿನ ಬೋಟ್ ರಿಪೇರಿ: ಪೇಂಟ್ ಡಬ್ಬಿ ತೆಗಿಯೋಕಿಂತ ಮೊದಲು ತಿಳಕೋಬೇಕಾದ್ದು

ಹಳೆ ಅಲ್ಯೂಮಿನಿಯಂ ಬೋಟ್ ಒಂದು ಕೈಗೆ ಸಿಕ್ಕ ಕೂಡ್ಲೇ ಭಾಳ ಮಂದಿ ಪೇಂಟ್ ಅಂಗಡಿಗೆ ಹೋಗ್ತಾರ, ಆಮ್ಯಾಲೆ ಪ್ಲೈವುಡ್ ತಂದು ಒಳಗ ನೆಲ ಹಾಕಸ್ತಾರ, ಅದರ ಮ್ಯಾಲೆ ಹಸಿರು ಮ್ಯಾಟ್ ಅಂಟಸ್ತಾರ, ಒಂದೆರಡು ಮಳಿಗಾಲ ಕಳಿಯೋದ್ರೊಳಗ ಅದ ಬೋಟಿನ ತಳದಾಗ ಸೂಜಿಮೊನಿಯಷ್ಟು ತೂತು ಬಿದ್ದು ನೀರು ಜಿನುಗಾಕ ಹತ್ತತೈತಿ. ಆವಾಗ "ಅಲ್ಯೂಮಿನಿಯಂ ಮಾಲೇ ಇಷ್ಟು ಬಿಡ್ರಿ" ಅಂತಾರ. ಅದು ಆ ಲೋಹಕ್ಕ ಮಾಡೋ ಅನ್ಯಾಯ. ಸರಿಯಾಗಿ ನೋಡಿಕೊಂಡ್ರ ಸಿಹಿನೀರಿನಾಗ 40-50 ವರ್ಷದ ಅಲ್ಯೂಮಿನಿಯಂ ಬೋಟ್ ಇವತ್ತಿಗೂ ಗಟ್ಟಿಯಾಗಿ ಓಡ್ತಾವ. ಹಾಳಾಗೋದು ಅದರ ಒಳಗ ನಾವು ತುರುಕಿದ ಕಟಿಗಿ, ಫೋಮ್, ಕಬ್ಬಿಣದ ಸ್ಕ್ರೂ, ವೈರು ಇವು, ಮತ್ತ ಇವು ಹಾಳಾಗ್ತಾ ಆಗ್ತಾ ಲೋಹನ್ನೂ ತಿಂತಾವ.

ನಮ್ಮ ಹಾವೇರಿ, ರಾಣೆಬೆನ್ನೂರು ಕಡೆ ತುಂಗಭದ್ರಾ ದಂಡಿ ಮ್ಯಾಲೆ ಮೀನು ಹಿಡಿಯೋರ ಹತ್ರ ಇರೋದು ಹರಗೋಲು, ತೆಪ್ಪ, ಈಗೀಗ ಫೈಬರಿಂದು. ಅಲ್ಯೂಮಿನಿಯಂ ಬೋಟ್ ಅಪರೂಪ, ಸಿಕ್ರೂ ಹೆಚ್ಚಾಗಿ ಗೋವಾ ಕಾರವಾರ ಕಡೆ ಉಪ್ಪುನೀರಾಗ ದುಡಿದು ಸುಸ್ತಾಗಿ ಬಂದಿದ್ದು. ಆದ್ರ ಹಗುರ ಐತಿ, ಬಂಡಿಗಲ್ಲಿಗೆ ಬಡದ್ರ ಒಡಿಯಂಗಿಲ್ಲ ಬರೇ ನೆಗ್ಗತೈತಿ, ಬ್ಯಾಸಗಿ ಬಿಸಲಾಗ ಫೈಬರ್ ಹಂಗ ಮೈ ಬಿಳಚಿ ಪುಡಿ ಉದರಂಗಿಲ್ಲ. ಬಂಡಿ ತುಂಬಿದ ನಮ್ಮ ಹೊಳಿಗೆ ಇದಕ್ಕಿಂತ ಒಳ್ಳೆ ಬೋಟ್ ನನಗಂತೂ ಕಾಣಂಗಿಲ್ಲ, ಅದಕ್ಕ ಇಷ್ಟು ಉದ್ದ ಬರಿಯಾಕತ್ತೀನಿ.

ರಿಪೇರಿ ಪೂರ್ತಿ ಎರಡು ಪ್ರಶ್ನೆ ಮ್ಯಾಲೆ ನಿಂತೈತಿ. ಬೋಟಿಗೆ ಏನರ ಒಂದು ಸಾಮಾನು ಕೂಡಸೋ ಮೊದಲು ಕೇಳಿಕೋರಿ: ಒಂದು, ಇದು ಲೋಹದ ಮೈಗೆ ಒದ್ದಿ ಹಿಡದು ನಿಲ್ಲಸ್ತೈತೇನು? ಎರಡು, ಇದರಾಗ ತಾಮ್ರನೋ ಕಬ್ಬಿಣನೋ ಇದ್ದು ಅದು ಅಲ್ಯೂಮಿನಿಯಂಗೆ ಮುಟ್ಟತೈತೇನು? ಎರಡಕ್ಕೂ ಇಲ್ಲ ಅಂತ ಉತ್ತರ ಬಂದ್ರ ಹಾಕ್ರಿ. ಬರಲಿಲ್ಲಂದ್ರ ದಾರಿ ಬದಲ ಮಾಡ್ರಿ.

ಮೊದಲನೇದು ಯಾಕಂತ ಹೇಳ್ತೀನಿ. ಅಲ್ಯೂಮಿನಿಯಂಗೆ ಗಾಳಿ ತಾಗಿದ ಕೂಡ್ಲೇ ಅದರ ಮೈ ಮ್ಯಾಲೆ ಆಕ್ಸೈಡಿಂದು ಒಂದು ಪೊರಿ ಕಟ್ಟತೈತಿ, ಕೆಲವು ನ್ಯಾನೋಮೀಟರ್ ದಪ್ಪ ಅಷ್ಟ, ಕಣ್ಣಿಗೆ ಕಾಣಂಗಿಲ್ಲ, ಆದ್ರ ಆ ಪೊರಿನ ಇಡೀ ಬೋಟನ್ನ ಕಾಯೋದು. ಕೆರದು ತೆಗದ್ರ ಮತ್ತ ತಾನ ಬೆಳೀತೈತಿ, ಬೆಳಿಯಾಕ ಅದಕ್ಕ ಆಕ್ಸಿಜನ್ ಬೇಕು. ನೀರು ಕುಡಿದ ಫೋಮು, ಕೊಳೆತ ಪ್ಲೈವುಡ್ಡು, ಒದ್ದಿ ಮ್ಯಾಟು, ಮೂಲಿಯಾಗ ಕೂತ ಕೆಸರು, ಇವುಗಳ ಅಡಿಗೆ ನೀರು ಇರತೈತಿ ಗಾಳಿ ಇರಂಗಿಲ್ಲ, ಅಲ್ಲಿ ಪೊರಿ ಹರದ ಜಾಗ ಮತ್ತ ಕಟ್ಟಿಕೊಳ್ಳಾಕ ಆಗಂಗಿಲ್ಲ, ಹಂಗಾಗಿ ಸಣ್ಣ ಸಣ್ಣ ಗುಂಡಿ ಬಿದ್ದು ಒಳಒಳಗ ಕೊರಕೊಂತ ಹೋಗತೈತಿ. ಬೋಟಿನ ಶೀಟ್ ಹೆಚ್ಚಾಗಿ ಒಂದೂವರೆಯಿಂದ 2 ಎಂಎಂ ಅಷ್ಟ ಇರೋದು, ಕೊರಿಯಾಕ ಭಾಳ ದಿನ ಬೇಕಾಗಂಗಿಲ್ಲ. ಇನ್ನೊಂದು ಮಾತು, ಈ ಪೊರಿ ಗಟ್ಟಿ ಇರೋದು ಪಿಎಚ್ (ಹುಳಿ-ಕ್ಷಾರದ ಅಳತಿ) ಸುಮಾರು 4ರಿಂದ 8.5ರ ನಡುವ ಮಾತ್ರ. ಬ್ಯಾಟರಿ ಆಸಿಡ್ ಚೆಲ್ಲಿದ್ರೂ ಕರಗತೈತಿ, ಬಟ್ಟಿ ಒಗಿಯೋ ಸೋಡಾ ಪುಡಿ, ಸುಣ್ಣ, ಹಸಿ ಸಿಮೆಂಟ್ ತಾಗಿದ್ರೂ ಕರಗತೈತಿ.

ಎರಡನೇದು, ಲೋಹಕ್ಕ ಲೋಹದ ಜಗಳ. ಎರಡು ಬ್ಯಾರೆ ಬ್ಯಾರೆ ಲೋಹ ಒಂದಕ್ಕೊಂದು ತಾಗಿ ನಡುವ ನೀರು ಇದ್ರ ಅಲ್ಲಿ ಸಣ್ಣದೊಂದು ಬ್ಯಾಟರಿ ತಯಾರಾಗತೈತಿ, ಆ ಬ್ಯಾಟರಿಯಾಗ ಯಾವಾಗಲೂ ಸವಿಯೋದು ಅಲ್ಯೂಮಿನಿಯಂ, ಯಾಕಂದ್ರ ನಾವು ದಿನಾ ಬಳಸೋ ಲೋಹದಾಗ ಸತುವು, ಮೆಗ್ನೀಷಿಯಂ ಬಿಟ್ರ ಬಾಕಿ ಎಲ್ಲಾ ಅದಕ್ಕಿಂತ ಜೋರು. ತಾಮ್ರ ಹಿತ್ತಾಳಿ ಎಲ್ಲಕ್ಕಿಂತ ಕೆಟ್ಟವು. ಬೋಟಿನ ತಳದಾಗ ತಾಮ್ರದ ವೈರಿನ ತುಂಡು ಒಂದು ಬಿದ್ದು ನೀರಾಗ ಉಳಿದ್ರ ಅದರ ಆಕಾರಕ್ಕ ಸರಿಯಾಗಿ ಕಲೆ ಬಿದ್ದು ಗುಂಡಿ ಆಗತೈತಿ. ಪೆನ್ಸಿಲ್ ಗೀಟು ಸುದ್ದಾ ಒಳ್ಳೇದಲ್ಲ, ಅದರಾಗ ಇರೋ ಗ್ರಾಫೈಟ್ ತಾಮ್ರದಂಗ ಕೆಲಸ ಮಾಡತೈತಿ, ವಿಮಾನ ರಿಪೇರಿ ಮಾಡೋ ಕಡೆ ಅಲ್ಯೂಮಿನಿಯಂ ಮ್ಯಾಲೆ ಪೆನ್ಸಿಲ್ ಹಚ್ಚಗೊಡಂಗಿಲ್ಲ. ಗುರುತು ಹಾಕಬೇಕಂದ್ರ ಮಾರ್ಕರ್ ತಗೋರಿ. ಉಪ್ಪುನೀರಾಗ ಈ ಜಗಳ ಜೋರು, ಸಿಹಿನೀರಾಗ ಕರೆಂಟ್ ಕಡಿಮಿ ಹರಿಯೋದ್ರಿಂದ ನಿಧಾನ, ಆದ್ರ ನಿಲ್ಲಂಗಿಲ್ಲ. ಸಮುದ್ರದ ಕಡೆಯಿಂದ ಬಂದ ಬೋಟ್ ಆಗಿದ್ರ ಸಂದಿ ಸಂದಿಯಾಗ ಉಪ್ಪು ಕೂತಿರತೈತಿ, ತಂದ ಕೂಡ್ಲೇ ಬೋರ್‌ವೆಲ್ ನೀರಿನ ಪೈಪ್ ಹಿಡದು ಒಳಗ ಹೊರಗ ಪೂರಾ ತೊಳೀರಿ, ಒಣಗಲಿ, ಮತ್ತೊಮ್ಮೆ ತೊಳೀರಿ.

ಕೊಳ್ಳಾಕ ಹೋದಾಗ ಪೇಂಟ್ ನೋಡಬ್ಯಾಡ್ರಿ. ಹಿಂದಿನ ಗೋಡಿ, ಅಂದ್ರ ಎಂಜಿನ್ ಕೂಡೋ ಟ್ರಾನ್ಸಮ್ಮಿಗೆ ಸ್ಕ್ರೂಡ್ರೈವರ್ ಹಿಡಿಕಿಯಿಂದ ಬಡದು ಕೇಳ್ರಿ, ಟಣ್ ಅಂದ್ರ ಒಳಗಿನ ಕಟಿಗಿ ಗಟ್ಟಿ ಐತಿ, ದಬ್ ಅಂದ್ರ ಕೊಳತೈತಿ. ಎಂಜಿನ್ ಹಾಕಿದ್ದು ಇದ್ರ ಅದರ ಕಾಲು ಹಿಡದು ಮ್ಯಾಲೆ ಕೆಳಗ ಜಗ್ಗಿದಾಗ ಗೋಡಿ ಅಳ್ಳಾಡಬಾರ್ದು. ಸೀಟಿನ ಕೆಳಗ ಬಿಳಿ ಪುಡಿ ಬೂದಿ ಹಂಗ ಕೂತಿದ್ರ ಅಲ್ಲಿ ಉಗರಿನಿಂದ ಕೆರೀರಿ, ಕೆಳಗ ಗುಂಡಿ ಎಷ್ಟು ಆಳ ಅಂತ ಗೊತ್ತಾಗತೈತಿ. ನಾಲ್ಕು ಮಂದಿ ಹಿಡದು ಎತ್ತಿದಾಗ 12-14 ಅಡಿ ಬೋಟ್ ಹಗುರ ಅನಸಬೇಕು, ಅನಸಲಿಲ್ಲಂದ್ರ ಸೀಟಿನ ಒಳಗಿನ ಫೋಮ್ ನೀರು ಕುಡಿದೈತಿ ಅಂತ ತಿಳೀರಿ. ಇವೆಲ್ಲಾ ರಿಪೇರಿ ಆಗೋವ. ತಳದ ನಡುವಿನ ಕೀಲ್ ಪಟ್ಟಿ ಉದ್ದಕ್ಕೂ ಶೀಟ್ ಸೀಳಿದ್ರ, ಅಥವಾ ಒಳಗಿನ ಪಕ್ಕಿಗಳು (ತಳಕ್ಕ ಅಡ್ಡ ಕೂಡಿಸಿದ ಆಧಾರದ ಪಟ್ಟಿಗಳು) ಮುರಿದಿದ್ರ ಮಾತ್ರ ನಮಸ್ಕಾರ ಹೇಳಿ ವಾಪಸ್ ಬರ್ರಿ.

ಇನ್ನ ನೀರು ಎಲ್ಲಿಂದ ಬರತೈತಿ ಅಂತ ಹುಡಕೋದು. ಹೊಳ್ಯಾಗ ಬಿಟ್ಟು ಒಳಗ ಕೂತು ನೋಡಿದ್ರ ಗೊತ್ತಾಗಂಗಿಲ್ಲ, ನೀರು ಒಂದು ಕಡೆ ಬಂದು ಇನ್ನೊಂದು ಕಡೆ ನಿಲ್ಲತೈತಿ. ಉಲ್ಟಾ ಮಾಡ್ರಿ: ಬೋಟನ್ನ ಎತ್ತರದ ಮ್ಯಾಲೆ ಇಟ್ಟು ಒಳಗ ನೀರು ತುಂಬಿ ಹೊರಗಿನಿಂದ ಜಿನುಗೋ ಜಾಗ ನೋಡಿ ಮಾರ್ಕರ್‌ಲೆ ಸುತ್ತು ಹಾಕ್ರಿ. ಇಲ್ಲಿ ಒಂದು ಎಚ್ಚರ ಬೇಕ ಬೇಕು, ಬೋಟ್ ಕಟ್ಟಿರೋದು ಹೊರಗಿನ ನೀರಿನ ಒತ್ತಡ ತಡಕೊಳ್ಳಾಕ, ಒಳಗಿನ ತೂಕಕ್ಕ ಅಲ್ಲ. 14 ಅಡಿ ಬೋಟಿನಾಗ ಬರೇ 3 ಇಂಚು ನೀರು ನಿಂತ್ರ 300 ಕೆಜಿ ಮೀರತೈತಿ, ಎರಡ ಕಡೆ ಆಧಾರ ಕೊಟ್ಟು ಇಟ್ಟಿದ್ರ ತಳ ಜೋತು ಬಿದ್ದು ಚಲೋ ಇದ್ದ ರಿವಿಟ್ಟೂ (ಶೀಟ್ ಜೋಡಸೋ ಲೋಹದ ಮೊಳಿ) ಸಡ್ಲ ಆಗ್ತಾವ. ತಳದ ಉದ್ದಕ್ಕೂ ಟೈರು, ಮರದ ತುಂಡು ಕೊಟ್ಟು, 2-3 ಇಂಚು ಅಷ್ಟ ತುಂಬಿ, ಒಂದು ರಾತ್ರಿ ಬಿಡ್ರಿ. ಧೊಪ್ ಅಂತ ಸುರಿಯೋ ತೂತು ಆಗಲೇ ಕಾಣತಾವ, ಹನಿ ಹನಿ ಬೀಳೋವು ಮುಂಜಾನಿ ಕಾಣತಾವ.

ಈಗ ರಿವಿಟ್. ಇದರ ಮ್ಯಾಲೆ ಸ್ವಲ್ಪ ಹೊತ್ತು ನಿಲ್ಲೋಣ, ಯಾಕಂದ್ರ ಹಳೆ ಬೋಟಿನ ಜೀವ ಇಲ್ಲೇ ಇರೋದು. ಅಮೆರಿಕಾದಾಗ ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಗ್ರಮನ್ ಅನ್ನೋ ವಿಮಾನ ಕಂಪನಿ ತನ್ನ ಅಲ್ಯೂಮಿನಿಯಂ ಮತ್ತ ರಿವಿಟ್ ಕೆಲಸದ ಕೈಚಳಕನ್ನ ದೋಣಿ ಮಾಡಾಕ ಹಚ್ಚಿತು, ಆಮ್ಯಾಲೆ ಬ್ಯಾರೆ ಕಂಪನಿಗಳೂ ಅದ ದಾರಿ ಹಿಡದ್ವು. ಅದಕ್ಕ ಹಳೆ ಬೋಟಿನ ಜೋಡಣಿ ವಿಮಾನದ ರೆಕ್ಕಿ ಜೋಡಣಿ ತರಾನ ಇರತೈತಿ: ಎರಡು ಶೀಟ್ ಒಂದರ ಮ್ಯಾಲೊಂದು, ನಡುವ ನೀರು ತಡಿಯೋ ಅಂಟು ಅಂದ್ರ ಸೀಲಂಟ್, ಮ್ಯಾಲೆ ಸಾಲಾಗಿ ಗಟ್ಟಿ ರಿವಿಟ್. ಬೋಟ್ ಅಲೆ ಮ್ಯಾಲೆ ಬಡಕೊಂತ ಹೋದಂಗ ಶೀಟ್ ಸ್ವಲ್ಪ ಸ್ವಲ್ಪ ಸರದಾಡಿ ರಿವಿಟ್ ಸಡ್ಲ ಆಗತೈತಿ, ನಡುವಿನ ಸೀಲಂಟ್ ಒಣಗಿ ಬಿರೀತೈತಿ, ನೀರು ದಾರಿ ಮಾಡಿಕೊಂತೈತಿ.

ಸಡ್ಲ ಆದ ರಿವಿಟ್ ತೆಗದು ಒಗಿಯೋ ಅವಸರ ಬ್ಯಾಡ, ಹೆಚ್ಚಿನವು ಮತ್ತ ಬಿಗಿ ಆಗ್ತಾವ. ಇಬ್ಬರು ಬೇಕು. ಒಬ್ಬರು ಹೊರಗ ರಿವಿಟ್ಟಿನ ತಲಿಗೆ ಭಾರದ ಕಬ್ಬಿಣದ ತುಂಡು ಒತ್ತಿ ಹಿಡೀಬೇಕು, ದೊಡ್ಡ ಸುತ್ತಿಗಿ ತಲಿನೂ ನಡೀತೈತಿ, ಇನ್ನೊಬ್ಬರು ಒಳಗ ಬಾಲದ ಮ್ಯಾಲೆ ಗುಂಡುಮೊನಿ ಸುತ್ತಿಗಿಯಿಂದ ಹಗೂರಕ ನಾಲ್ಕೈದು ಏಟು ಹಾಕಬೇಕು. ಹೊರಗಿನವರು ಒತ್ತಿ ಹಿಡದ ಮ್ಯಾಲೇನ ಒಳಗಿನವರು ಬಡೀಬೇಕು, ಇಲ್ಲಂದ್ರ ಶೀಟ್ ನೆಗ್ಗತೈತಿ. "ಹಿಡಿದೀಯೇನೋ ತಮ್ಮಾ", "ಹಿಡಿದೀನಿ ಕಾಕಾ, ಹೊಡಿ" ಅಂತ ಮಾತಾಡಿಕೊಂತನ ಮಾಡೋ ಕೆಲಸ ಇದು. ಜೋರು ಬಡಿಯೋದು ಬ್ಯಾಡ, ಒಂದರ ಸುತ್ತ ಶೀಟ್ ಹಿಗ್ಗಿ ಪಕ್ಕದ್ದು ಸಡ್ಲ ಆಗತೈತಿ.

ತಲಿ ಸವದದ್ದು, ತೂತು ದೊಡ್ಡದಾದದ್ದು ಮಾತ್ರ ಬದಲ ಮಾಡ್ರಿ. ತಲಿ ನಡುವ ಪಂಚ್ ಹೊಡದು, ಕಾಂಡದ ಅಳತಿದ ಡ್ರಿಲ್ ಬಿಟ್‌ಲೆ ತಲಿ ಅಷ್ಟ ಕೊರದು, ಉಳಿದದ್ದನ್ನ ಪಂಚ್‌ಲೆ ದೂಡ್ರಿ. ಹೊಸಾದು ಒಂದು ಸೈಜ್ ದೊಡ್ಡದು ಇರಲಿ. ಎಷ್ಟು ಉದ್ದದ್ದು ಬೇಕು ಅನ್ನೋದಕ್ಕ ವಿಮಾನದವರ ಲೆಕ್ಕನ ಸಾಕು: ಶೀಟ್ ದಾಟಿ ಹೊರಗ ಬರೋ ಬಾಲ ರಿವಿಟ್ ದಪ್ಪದ ಒಂದೂವರೆ ಪಟ್ಟು ಇರಬೇಕು, ಬಡದಾದ ಮ್ಯಾಲೆ ಆ ಬಾಲ ಒಂದೂವರೆ ಪಟ್ಟು ಅಗಲ, ಅರ್ಧ ಪಟ್ಟು ಎತ್ತರ ಆಗಿ ಕೂಡಬೇಕು. ಹಾಕೋ ಮೊದಲು ಕಾಂಡಕ್ಕ ಪಾಲಿಯುರೆಥೇನ್ ಸೀಲಂಟ್ ಹಚ್ಚರಿ, ಸಿಕಾಫ್ಲೆಕ್ಸ್ ತರದ್ದು ಹಾರ್ಡ್‌ವೇರ್ ಅಂಗಡಿಯಾಗ ಸಿಗತೈತಿ. ಕಿಟಕಿ ಬಾತ್‌ರೂಮಿಗೆ ಹಚ್ಚೋ ಹುಳಿ ವಾಸನಿ ಸಿಲಿಕಾನ್ ಬ್ಯಾಡ, ಆ ವಾಸನಿ ಅಸಿಟಿಕ್ ಆಸಿಡ್‌ದು, ಅಲ್ಯೂಮಿನಿಯಂಗೆ ಒಳ್ಳೇದಲ್ಲ, ಮತ್ತ ಒಮ್ಮೆ ಸಿಲಿಕಾನ್ ಹಚ್ಚಿದ ಜಾಗಕ್ಕ ಮುಂದ ಪೇಂಟು, ಎಪಾಕ್ಸಿ (ಎರಡು ಡಬ್ಬಿದು ಬೆರಸಿ ಹಚ್ಚೋ ಗಟ್ಟಿ ಅಂಟು) ಯಾವುದೂ ಕೂಡಂಗಿಲ್ಲ.

ಈ ಕೆಲಸಕ್ಕ ಹುಬ್ಬಳ್ಯಾಗ ಹುಡುಕೋದಾದ್ರ ಬಸ್ ಬಾಡಿ, ಲಾರಿ ಬಾಡಿ ಕಟ್ಟೋ ಮೇಸ್ತ್ರಿಗಳನ್ನ ಕೇಳ್ರಿ, ಅಲ್ಯೂಮಿನಿಯಂ ಶೀಟಿನ ಜೋಡಿ ದಿನಾ ಬಡಿದಾಡೋರು ಅವರ. ಕೈ ಭಾಳ ಚಲೋ ಇರತೈತಿ. ಆದ್ರ ಅವರು ರೂಢಿ ಪ್ರಕಾರ ಪಾಪ್ ರಿವಿಟ್, ಅಂದ್ರ ಒಂದ ಕಡೆಯಿಂದ ಕಡ್ಡಿ ಜಗ್ಗಿ ಕೂಡಸೋ ರಿವಿಟ್, ಹೊಡಿಯಾಕ ಬರತಾರ, ಅಲ್ಲಿ ನೀವು ಒಂಚೂರು ಮಾತಾಡಬೇಕು. ಮಾಮೂಲಿ ಪಾಪ್ ರಿವಿಟ್ ನಡುವ ಟೊಳ್ಳು, ನೀರು ಅದರಾಗಿಂದನ ಬರತೈತಿ, ಮ್ಯಾಲಾಗಿ ಜಗ್ಗೋ ಕಡ್ಡಿ ಹೆಚ್ಚಾಗಿ ಉಕ್ಕಿಂದು, ಅದರ ತುದಿ ಮುರದು ಒಳಗ ಉಳೀತೈತಿ, ಅಂದ್ರ ನಮ್ಮ ಎರಡನೇ ಪ್ರಶ್ನೆಗೆ ಅದು ಫೇಲ್. ಬಸ್ಸಿನ ಮೈಗೆ ಅದು ನಡೀತೈತಿ, ನೀರಿನ ಕೆಳಗ ನಡಿಯಂಗಿಲ್ಲ. ಕೈ ಹೋಗದ ಜಾಗ ಇದ್ರ ತುದಿ ಮುಚ್ಚಿರೋ ಸೀಲ್ಡ್ ಪಾಪ್ ರಿವಿಟ್ ಸಿಗತಾವ, ಕಡ್ಡಿನೂ ಅಲ್ಯೂಮಿನಿಯಂದ ಇರೋವು, ಅವು ತರಸ್ರಿ.

ರಿವಿಟ್ ಎಲ್ಲಾ ಬಿಗಿ ಆದ ಮ್ಯಾಲೂ ಸಂದಿಯಾಗ ಹನಿ ಬರೋದು ಇದ್ರ, ಒಳಗಿನಿಂದ ಆ ಸಂದಿನ್ನ ನೈಲಾನ್ ಬ್ರಷ್‌ಲೆ ತಿಕ್ಕಿ, ಥಿನ್ನರ್‌ಲೆ ಒರಸಿ, ತೆಳು ಎಪಾಕ್ಸಿ ಹಚ್ಚರಿ. ಬಿಸಲಾಗ ಶೀಟ್ ಬೆಚ್ಚಗ ಇದ್ದಾಗ ಹಚ್ಚಿದ್ರ ಎಪಾಕ್ಸಿ ನೀರಾಗಿ ಸಂದಿಯೊಳಗ ತಾನ ಇಳೀತೈತಿ. ಗಟ್ಟಿ ಪುಟ್ಟಿ ಮೆತ್ತಿದ್ರ ಎರಡು ದಿನ ನಿಲ್ಲತೈತಿ, ಶೀಟ್ ಬಾಗಿದ ಕೂಡ್ಲೇ ಬಿರೀತೈತಿ.

ವೆಲ್ಡಿಂಗ್ ಮಾಡಿಸಿ ಬಿಟ್ರ ಆಗಂಗಿಲ್ಲೇನು ಅಂತ ಎಲ್ರೂ ಕೇಳ್ತಾರ. ವೆಲ್ಡ್ ಮಾಡಿನ ಕಟ್ಟಿದ ಬೋಟ್ ಆಗಿದ್ರ ಆಗತೈತಿ. ರಿವಿಟ್ ಸಾಲಿನ ಮ್ಯಾಲೆ ಮಾತ್ರ ಬ್ಯಾಡ. ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ, ಅದರ ಮೈ ಮ್ಯಾಲಿನ ಆಕ್ಸೈಡ್ ಪೊರಿ ಕರಗೋದು 2,000 ಡಿಗ್ರಿ ದಾಟಿದ ಮ್ಯಾಲೆ, ಅಂದ್ರ ಪೊರಿ ಕರಗೋದ್ರೊಳಗ ಒಳಗಿನ ಲೋಹ ನೀರಾಗಿ ಕೆಳಗ ಬಿದ್ದಿರತೈತಿ. ಅದಕ್ಕ ಎಸಿ ಕರೆಂಟಿನ ಟಿಗ್ ಮಷೀನು, ಆರ್ಗಾನ್ ಗ್ಯಾಸು, ಮತ್ತ ತೆಳು ಅಲ್ಯೂಮಿನಿಯಂ ಮ್ಯಾಲೆ ಕೈ ಪಳಗಿದವರು ಬೇಕು. ಗೋಕುಲ ರೋಡ್, ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ಫ್ಯಾಬ್ರಿಕೇಷನ್ ಮಾಡೋರ ಹತ್ರ ವಿಚಾರಿಸ್ರಿ, ಮೊದಲು 2 ಎಂಎಂ ತುಂಡಿನ ಮ್ಯಾಲೆ ಒಂದು ಗೆರಿ ಎಳೆದು ತೋರಸ್ರಿ ಅಂತ ಕೇಳ್ರಿ, ಚಲೋ ಕೆಲಸಗಾರರು ಇದಕ್ಕ ಬ್ಯಾಸರ ಮಾಡಿಕೊಳ್ಳಂಗಿಲ್ಲ. ಬೋಟಿನ ಶೀಟ್ ಹೆಚ್ಚಾಗಿ 5052 ತರದ ಮೆಗ್ನೀಷಿಯಂ ಬೆರಸಿದ್ದು, ಅದಕ್ಕ 5356 ಫಿಲ್ಲರ್ ಕಡ್ಡಿ ಹೊಂದತೈತಿ. ತೇಪಿ ಹಾಕಾಕ ಹೊಸ ಶೀಟ್ ತರೋದಾದ್ರೂ 5052 ಅಂತ ಕೇಳಿ ತರ್ರಿ, ಅಂಗಡಿಯಾಗ ಸುಮ್ಮನ ಅಲ್ಯೂಮಿನಿಯಂ ಶೀಟ್ ಅಂದ್ರ ಮೆತ್ತಂದು ಕೊಡ್ತಾರ.

ಯಾವ ಕಾರಣಕ್ಕೂ ಒಳಗ ಫೋಮ್ ಇರೋವಾಗ ವೆಲ್ಡಿಂಗ್ ಮಾಡಸಬ್ಯಾಡ್ರಿ. ಪಾಲಿಯುರೆಥೇನ್ ಫೋಮ್ ಸುಟ್ರ ಬರೋ ಹೊಗಿಯಾಗ ಸಯನೈಡ್ ಗ್ಯಾಸ್ ಇರತೈತಿ, ಮುಚ್ಚಿದ ಶೆಡ್ಡಿನಾಗ ಅದು ಜೀವಕ್ಕ ಕುತ್ತು.

ಟ್ರಾನ್ಸಮ್ಮಿಗೆ ಬರೋಣ. ಅಲ್ಯೂಮಿನಿಯಂ ಚರ್ಮದ ಹಿಂದ ಕಟಿಗಿ ಇರತೈತಿ, ಎಂಜಿನ್ನಿನ ಪೂರಾ ತಳ್ಳಾಟ ಅದ ತಡಿಯೋದು. ಕೊಳತಿದ್ರ ಹಳೇದು ಬಿಚ್ಚಿ ಅದನ್ನ ಅಳತಿ ಮಾಡಿ ಹೊಸಾದು ಕೊಯ್ಸರಿ, 18 ಎಂಎಂ ಪ್ಲೈವುಡ್ ಎರಡು ಪದರ ಎಪಾಕ್ಸಿ ಹಚ್ಚಿ ಕೂಡಸಿದ್ರ 36 ಎಂಎಂ ಬರತೈತಿ, ಸಣ್ಣ ಎಂಜಿನ್ನಿಗೆ ಸರಿ. ಅಂಗಡಿಯಾಗ ಮರೈನ್ ಪ್ಲೈ ಅಂತ ಕೇಳಿದ್ರ ಐಎಸ್ 710 ಮುದ್ರಿ ಇದ್ದದ್ದು ಕೊಡ್ತಾರ, ಅಂಟು ಚಲೋ ಇರತೈತಿ, ಬಿಸಿನೀರಿಗೂ ಬಿಡಂಗಿಲ್ಲ. ಆದ್ರ ಹುಳ ಬೂಸ್ಟು ಹಿಡೀಬಾರ್ದು ಅಂತ ಅದಕ್ಕ ಕುಡಸೋ ಔಷಧದಾಗ ಹೆಚ್ಚಾಗಿ ತಾಮ್ರ ಇರತೈತಿ. ಮರೈನ್ ಅಂತ ಹೆಸರು ನೋಡಿ ನಂಬಿ ಹಂಗ ನೇರವಾಗಿ ಅಲ್ಯೂಮಿನಿಯಂಗೆ ಒತ್ತಿ ಕೂಡಸಿದ್ರ, ಮಳಿ ನೀರು ಇಳಿದಾಗೆಲ್ಲಾ ತಾಮ್ರದ ಉಪ್ಪು ಕರಗಿ ಲೋಹಕ್ಕ ಹತ್ತತೈತಿ. ಎರಡೂ ಪ್ರಶ್ನೆಗೆ ಒಮ್ಮೆಲೇ ಫೇಲ್ ಆಗೋ ಸಾಮಾನು ಅದು. ಅದಕ್ಕ ಪ್ಲೈವುಡ್ಡಿನ ಆರೂ ಮೈಗೆ, ಅದರಾಗೂ ಕೊಯ್ದ ಅಂಚಿಗೆ, ಮೂರು ಸಲ ಎಪಾಕ್ಸಿ ಕುಡಸ್ರಿ, ಅಂಚು ಎಲ್ಲಕ್ಕಿಂತ ಜಾಸ್ತಿ ನೀರು ಹೀರತೈತಿ.

ಬೋಲ್ಟ್ ತೂತಿಗೂ ಒಂದು ಪದ್ಧತಿ ಐತಿ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರದು, ಅದನ್ನ ಪೂರಾ ಎಪಾಕ್ಸಿಯಿಂದ ತುಂಬಿ, ಗಟ್ಟಿ ಆದ ಮ್ಯಾಲೆ ನಡುವ ಸರಿ ಅಳತಿದ ತೂತು ಕೊರಿಯೋದು. ಬೋಲ್ಟಿನ ಪಕ್ಕ ನೀರು ಇಳಿದ್ರೂ ಅದಕ್ಕ ಕಟಿಗಿ ಸಿಗಂಗಿಲ್ಲ. ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲಿಂದು ಹಾಕ್ರಿ, 316 ಗ್ರೇಡ್. ಸ್ಟೇನ್‌ಲೆಸ್ ಸುದ್ದಾ ಅಲ್ಯೂಮಿನಿಯಂಗೆ ವೈರಿನ, ಆದ್ರ ದೊಡ್ಡ ಅಲ್ಯೂಮಿನಿಯಂ ಶೀಟಿನ ನಡುವ ಸಣ್ಣ ಸ್ಟೇನ್‌ಲೆಸ್ ಬೋಲ್ಟ್ ಇದ್ರ ಸವಕಳಿ ಹಂಚಿಕೊಂಡು ಹೋಗತೈತಿ, ಕೆಳಗೊಂದು ನೈಲಾನ್ ವಾಷರ್ ಮತ್ತ ಸೀಲಂಟ್ ಇದ್ರ ಚಿಂತಿ ಇಲ್ಲ. ಉಲ್ಟಾ ಮಾಡಿದ್ರ, ಅಂದ್ರ ದೊಡ್ಡ ಸ್ಟೇನ್‌ಲೆಸ್ ಪ್ಲೇಟಿಗೆ ಅಲ್ಯೂಮಿನಿಯಂ ರಿವಿಟ್ ಹಾಕಿದ್ರ, ರಿವಿಟ್ ಲಗೂನ ಸತ್ತು ಹೋಗತೈತಿ. ಟ್ರಾನ್ಸಮ್ ಎತ್ತರ ಬದಲ ಮಾಡಬ್ಯಾಡ್ರಿ, ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ) ಎಂಜಿನ್ನಿಗೆ 15 ಇಂಚು, ಲಾಂಗ್ ಶಾಫ್ಟಿಗೆ 20 ಇಂಚು, ಎಂಜಿನ್ ತಗೊಳ್ಳೋ ಮೊದಲು ಇದನ್ನ ಅಳದು ನೋಡ್ರಿ.

ಒಳಗಿನ ಅಲಂಕಾರದಾಗ ಹುಡುಗರು ಮಾಡೋ ದೊಡ್ಡ ತಪ್ಪು ಅಂದ್ರ ಅಡ್ಡ ಸೀಟ್ ಕೊಯ್ದು ಒಗದು ನಡುವ ಓಡಾಡಾಕ ಜಾಗ ಮಾಡೋದು. ವಿಡಿಯೋದಾಗ ನೋಡಾಕ ಚಂದ ಕಾಣತೈತಿ. ಮನಿಗೆ ತೊಲಿ ಹೆಂಗೋ ರಿವಿಟ್ ಬೋಟಿಗೆ ಆ ಅಡ್ಡ ಸೀಟ್ ಹಂಗ, ಎರಡೂ ಪಕ್ಕನ್ನ ಹಿಡಕೊಂಡಿರೋದು ಅದ. ತೆಗದ್ರ ಪಕ್ಕ ಒಳಗ ಹೊರಗ ಆಡತಾವ, ಹೋದ ವಾರ ಬಡದು ಬಿಗಿ ಮಾಡಿದ ರಿವಿಟ್ ಮತ್ತ ಸಡ್ಲ ಆಗ್ತಾವ. ಮುಂದ ನಿಂತು ಗಾಳ ಒಗಿಯಾಕ ಡೆಕ್ ಬೇಕಂದ್ರ ಸೀಟಿನ ಎತ್ತರಕ್ಕ ಮಾಡ್ರಿ, ಅದಕ್ಕಿಂತ ಮ್ಯಾಲೆ ಹೋದಷ್ಟೂ ಬೋಟ್ ಹೊರಳಾಕ ನೋಡತೈತಿ.

ನೆಲಕ್ಕ 12 ಎಂಎಂ ಪ್ಲೈವುಡ್ ಹಾಕೋ ಬದಲು ಬಸ್ಸಿನ ನೆಲಕ್ಕ ಹಾಕೋ ಚೆಕರ್ಡ್ ಅಲ್ಯೂಮಿನಿಯಂ ಪ್ಲೇಟ್ 3 ಎಂಎಂದು ಹಾಕೋದು ಚಲೋ ಅಂತ ನನ್ನ ಅಭಿಪ್ರಾಯ. ಲೆಕ್ಕ ಹಾಕಿ ನೋಡ್ರಿ, ಎರಡರ ತೂಕನೂ ಚದರ ಮೀಟರಿಗೆ ಸುಮಾರು 8 ಕೆಜಿ ಬರತೈತಿ, ಒಂದು ಕೊಳೀತೈತಿ ಒಂದು ಕೊಳಿಯಂಗಿಲ್ಲ. ಏಪ್ರಿಲ್ ಮೇ ಬಿಸಲಾಗ ಕಾಲು ಸುಡತೈತಿ ಅನ್ನೋದು ಖರೆ, ಅದಕ್ಕ ಬಿಚ್ಚಿ ತೊಳಿಯಾಕ ಬರೋ ರಬ್ಬರ್ ಮ್ಯಾಟ್ ಹಾಸ್ರಿ, ಅಂಟಿಸಬ್ಯಾಡ್ರಿ. ಯಾವ ನೆಲ ಹಾಕಿದ್ರೂ ಅದರ ಕೆಳಗಿನ ನೀರು ಹಿಂದಕ್ಕ ಹರದು ಡ್ರೈನ್ ತೂತಿಗೆ ಹೋಗಬೇಕು, ಪಕ್ಕಿಗಳ ತಳದಾಗ ನೀರು ದಾಟೋ ಸಂದು ಇರತಾವ, ಅವನ್ನ ಮುಚ್ಚಬಾರ್ದು.

ಫೋಮ್ ವಿಷಯ ಜೀವದ ವಿಷಯ, ಇಲ್ಲಿ ಅಂದಾಜು ಮಾತು ನಡಿಯಂಗಿಲ್ಲ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ. 100 ಕೆಜಿ ಬೋಟ್ ಪೂರಾ ನೀರು ತುಂಬಿದ್ರ ನೀರು ಅದರಾಗ 37 ಕೆಜಿ ಅಷ್ಟ ಹೊರತೈತಿ, ಬಾಕಿ 63 ಕೆಜಿ ತಳಕ್ಕ ಹೋಗತೈತಿ, ಅದನ್ನ ಫೋಮ್ ಹೊರಬೇಕು. ಎಂಜಿನ್ ಬ್ಯಾಟರಿ ಸೇರಿ 60 ಕೆಜಿ ಅನ್ರಿ, ಬೋಟ್ ಹಿಡಕೊಂಡು ತೇಲೋ ಮಂದಿಗೆ ಅಂತ ಇನ್ನೊಂದು 50 ಕೆಜಿ ಕೂಡಸ್ರಿ, ಒಟ್ಟು 173. ಒಂದು ಲೀಟರ್ ಜಾಗದ ಫೋಮ್ ಹೆಚ್ಚು ಕಡಿಮಿ ಒಂದು ಕೆಜಿ ಹೊರತೈತಿ, ಹಂಗಾಗಿ 180 ಲೀಟರ್ ಬೇಕು. 4 ಅಡಿ ಉದ್ದ 2 ಅಡಿ ಅಗಲ 2 ಇಂಚು ದಪ್ಪದ ಎಕ್ಸ್‌ಪಿಎಸ್ ಅನ್ನೋ ಗಟ್ಟಿ ಫೋಮ್ ಶೀಟ್ ಒಂದು ಸುಮಾರು 37 ಲೀಟರ್ ಆಗತೈತಿ, ಅಂದ್ರ ಐದು ಶೀಟ್. ಇದನ್ನ ತಳದಾಗ ತುಂಬಿದ್ರ ನೀರು ತುಂಬಿದ ಬೋಟ್ ಬೆನ್ನು ಮ್ಯಾಲೆ ಮಾಡಿ ಮಗಚತೈತಿ. ಸೀಟಿನ ಒಳಗ, ಪಕ್ಕದ ಗೋಡಿಗೆ ಎತ್ತರಕ್ಕ ಹಂಚಿ ಕೂಡಸಿದ್ರ ನೆಟ್ಟಗ ತೇಲತೈತಿ. ಸುರಿಯೋ ಫೋಮ್ ನನಗ ಸೇರಂಗಿಲ್ಲ, ಅದು ಲೋಹಕ್ಕ ಅಂಟಿಕೊಂಡು ನೀರಿನ ದಾರಿ ಎಲ್ಲಾ ಮುಚ್ಚತೈತಿ, ಮುಂದ ಬಿಚ್ಚಿ ನೋಡಾಕೂ ಬರಂಗಿಲ್ಲ. ಶೀಟ್ ಆದ್ರ ತಗದು ಒಣಗಿಸಿ ಮತ್ತ ಇಡಬಹುದು. ಬಿಳಿ ಥರ್ಮಕೋಲ್ ಬ್ಯಾಡ, ಕಾಳಿನ ನಡುವ ನೀರು ಕುಡೀತೈತಿ. ಎಕ್ಸ್‌ಪಿಎಸ್ಸೂ ಪೆಟ್ರೋಲ್ ಬಿದ್ರ ಕರಗತೈತಿ, ಟ್ಯಾಂಕ್ ಹತ್ರ ಇಡಬ್ಯಾಡ್ರಿ.

ಪೇಂಟ್ ಬಗ್ಗೆ ಕಡಿಮಿ ಹೇಳ್ತೀನಿ, ಯಾಕಂದ್ರ ಸಿಹಿನೀರಿನ ಬೋಟಿಗೆ ಪೇಂಟ್ ಬೇಕ ಬೇಕು ಅಂತ ಏನೂ ಇಲ್ಲ. ಒಳಗ ಬರೀ ಮೈ ಬಿಟ್ರ ಗುಂಡಿ ಬಿದ್ದದ್ದು ಕಣ್ಣಿಗೆ ಕಾಣತೈತಿ, ಅದು ಒಳ್ಳೇದ. ಹೊರಗ ಹಚ್ಚೋದಾದ್ರ ಹಳೇದು ತೆಗಿಯಾಕ ಕಾಸ್ಟಿಕ್ ಸೋಡಾ ಮುಟ್ಟಬ್ಯಾಡ್ರಿ, ಕಬ್ಬಿಣಕ್ಕ ನಡಿಯೋ ಔಷಧ ಅದು, ಅಲ್ಯೂಮಿನಿಯಂ ಮ್ಯಾಲೆ ಬಿದ್ರ ನೊರಿ ಎದ್ದು ಹೈಡ್ರೋಜನ್ ಬಿಟ್ಟು ಲೋಹನ್ನ ತಿಂತೈತಿ. ಕಬ್ಬಿಣದ ತಂತಿ ಬ್ರಷ್ಷೂ ಬ್ಯಾಡ, ಅದರ ಚೂರು ಮೈಯಾಗ ನಟ್ಟು ಜಂಗ್ ಹಿಡೀತಾವ. ಸ್ಯಾಂಡ್‌ಪೇಪರ್ ಹಚ್ಚಿ, ಥಿನ್ನರ್‌ಲೆ ಒರಸಿ, ಅದ ದಿನ ಎಚ್ ಪ್ರೈಮರ್ (etch primer, ಲೋಹಕ್ಕ ಕಚ್ಚಿ ಹಿಡಿಯೋ ಮೊದಲ ಪದರ) ಹೊಡೀರಿ, ತಡ ಮಾಡಿದ್ರ ಆಕ್ಸೈಡ್ ಮತ್ತ ಬೆಳದು ಪೇಂಟ್ ಸಿಪ್ಪಿ ಸಿಪ್ಪಿ ಏಳತೈತಿ. ಅದರ ಮ್ಯಾಲೆ ಯಾವ ಪ್ರೈಮರ್, ಯಾವ ಪೇಂಟ್ ಕೂಡತೈತಿ ಅಂತ ಡಬ್ಬಿ ಮ್ಯಾಲೆ ಓದಿ ಒಂದ ಕಂಪನಿದು ತಗೊಂಡ್ರ ಸುರಳೀತ. ಹಡಗಿನ ತಳಕ್ಕ ಪಾಚಿ ಕಟ್ಟಬಾರ್ದು ಅಂತ ಹಚ್ಚೋ ಪೇಂಟಿನಾಗ ಹೆಚ್ಚಾಗಿ ತಾಮ್ರದ ಆಕ್ಸೈಡ್ ಇರತೈತಿ, ಅಲ್ಯೂಮಿನಿಯಂಗೆ ಅದು ವಿಷ.

ಕರೆಂಟಿನ ಕೆಲಸದಾಗ ಒಂದ ಮಾತು ನೆನಪಿಡ್ರಿ, ಬೈಕಿನಾಗ ಮಾಡಿದಂಗ ಬಾಡಿನ್ನ ಅರ್ಥ್ ಮಾಡಬ್ಯಾಡ್ರಿ. ಪಾಸಿಟಿವ್ ಒಂದು ವೈರ್, ನೆಗೆಟಿವ್ ಒಂದು ವೈರ್, ಎರಡೂ ಬ್ಯಾಟರಿ ತನಕ ಹೋಗಬೇಕು, ಬೋಟಿನ ಮೈಗೆ ಯಾವುದೂ ತಾಗಬಾರ್ದು. ಲೋಹದಾಗ ಕರೆಂಟ್ ಹರದ್ರ ವರ್ಷಗಟ್ಲೆ ಆಗೋ ಸವಕಳಿ ವಾರದಾಗ ಆಗಿಬಿಡತೈತಿ. ಬ್ಯಾಟರಿ ಪ್ಲಸ್ ಪಕ್ಕದಾಗ ಗೇಣು ದೂರದೊಳಗ ಫ್ಯೂಸ್ ಇರಲಿ, ಬ್ಯಾಟರಿ ಪ್ಲಾಸ್ಟಿಕ್ ಡಬ್ಬಿಯಾಗ ಕೂಡಲಿ. ಸಣ್ಣ ಕೆರಿಗೆ ಪೆಟ್ರೋಲ್ ಎಂಜಿನ್ ಬದಲು 12 ವೋಲ್ಟಿನ ಟ್ರೋಲಿಂಗ್ ಮೋಟರ್ ಸಾಕು, ಫುಲ್ ಬಿಟ್ರ 50 ಆಂಪಿಯರ್ ಹತ್ರ ಎಳಿಯೋವು ಇರತಾವ, ಮನಿ ವೈರಿಂಗಿನ ತೆಳು ವೈರ್ ಅಲ್ಲಿ ಸುಟ್ಟು ಹೋಗತೈತಿ.

ಪೆಟ್ರೋಲ್ ಎಂಜಿನ್ ಇದ್ರ, ಹಳೆ ಟೂ ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂದ ಹೊರಗ ಕೂಡಸೋ ಎಂಜಿನ್) ನಮ್ಮ ಬೈಕ್ ಮೆಕ್ಯಾನಿಕ್ಕಿಗೂ ಅರ್ಥ ಆಗತೈತಿ, ಕಾರ್ಬೊರೇಟರ್ ಪ್ಲಗ್ ಎಲ್ಲಾ ಅದ ಜಾತಿ. ಅವರಿಗೆ ಗೊತ್ತಿರದ ಎರಡು ಜಾಗ ನೀವು ಹೇಳ್ರಿ. ಒಂದು ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳೋ ಸಣ್ಣ ಚಕ್ರ), ಬಳಸದ ಬಿಟ್ಟ ಎಂಜಿನ್ನಿನಾಗ ಅದು ಗಟ್ಟಿ ಆಗಿರತೈತಿ, ನೋಡದ ಚಾಲೂ ಮಾಡಿದ್ರ ಎಂಜಿನ್ ಕಾದು ಹಿಡಕೊಂತೈತಿ. ಇನ್ನೊಂದು ಕೆಳಗಿನ ಗೇರ್ ಆಯಿಲ್, ಬಿಚ್ಚಿದಾಗ ಹಾಲಿನಂಗ ಬೆಳ್ಳಗ ಬಂದ್ರ ಸೀಲ್ ಹೋಗಿ ನೀರು ನುಗ್ಗೈತಿ. ಮತ್ತ ಈಗ ಬಂಕಿನಾಗ ಸಿಗೋ ಪೆಟ್ರೋಲಿನಾಗ 20 ಪರ್ಸೆಂಟ್ ತನಕ ಎಥನಾಲ್ ಇರತೈತಿ, ಅದು ಗಾಳ್ಯಾಗಿನ ತೇವ ಹೀರತೈತಿ, ಮಳಿಗಾಲ ಪೂರ್ತಿ ಟ್ಯಾಂಕಿನಾಗ ಬಿಟ್ರ ನೀರು ಎಥನಾಲ್ ಸೇರಿ ತಳಕ್ಕ ಕೂಡತೈತಿ, ಎಂಜಿನ್ ಮೊದಲು ಕುಡಿಯೋದು ಅದನ್ನ. ಹಳೆ ರಬ್ಬರ್ ಪೈಪೂ ಅದಕ್ಕ ಮೆತ್ತಗ ಆಗತಾವ. ಪೈಪ್ ಬದಲ ಮಾಡ್ರಿ, ಮನಿಗೆ ಬಂದ ಮ್ಯಾಲೆ ಟ್ಯಾಂಕ್ ಖಾಲಿ ಮಾಡ್ರಿ.

ನೀರಿಗೆ ಇಳಿಸೋ ಮೊದಲು ಕಾಗದದ ಕೆಲಸ. ನಮ್ಮ ಕಡೆ ಕೆರಿಗಳಾಗ ಮೀನಿನ ಹಕ್ಕು ಮೀನುಗಾರಿಕಿ ಇಲಾಖೆಯಿಂದ ಗುತ್ತಿಗಿ ಹೋಗಿರತೈತಿ, ಹೆಚ್ಚಾಗಿ ಮೀನುಗಾರರ ಸಹಕಾರ ಸಂಘಕ್ಕ, ಅವರು ಮರಿ ಬಿಟ್ಟು ಸಾಕಿದ ಕಾಟ್ಲಾ ರೋಹು ಅವು, ಸಂಘದವರನ್ನ ಕೇಳದ ಬೋಟ್ ಇಳಸೋದು ತಪ್ಪು. ಮೋಟರ್ ಇರೋ ಬೋಟಿಗೆ 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ನೋಂದಣಿ ಬೇಕು. ಗದಗ ಜಿಲ್ಲೆ ಮಾಗಡಿ ಕೆರಿ ಹಂತಾ ಕಡೆ ಬೋಟಿನ ಮಾತ ಎತ್ತಬ್ಯಾಡ್ರಿ, ಚಳಿಗಾಲಕ್ಕ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬಂದು ಇಳಿಯೋ ಜಾಗ ಅದು. ಹೊಳಿ ಬೇಕಂದ್ರ ವರದಾ ಬಂದು ತುಂಗಭದ್ರಾ ಸೇರೋ ಗಳಗನಾಥದ ಆಸುಪಾಸು, ಹಮ್ಮಿಗಿ ಬ್ಯಾರೇಜಿನ ಹಿನ್ನೀರು ಹಂತಾ ಕಡೆ ಅಗಲ ನೀರು ಐತಿ, ಅಲ್ಲೂ ಬ್ಯಾರೇಜಿನ ಗೇಟಿನಿಂದ ದೂರ ಇರ್ರಿ, ನೀರು ಬಿಡೋ ದಿನ ಇಳೀಬ್ಯಾಡ್ರಿ, ದಂಡಿ ಊರಿನ ಹರಗೋಲಿನವರನ್ನ ಕೇಳಿದ್ರ ಬಂಡಿ ಎಲ್ಲಿ ಅದಾವ ಅಂತ ಬೆರಳು ಮಾಡಿ ತೋರಸ್ತಾರ.

ಮೊದಲನೇ ಸಲ ಇಳಸಿದಾಗ ಮೊಣಕಾಲು ನೀರಾಗ, ಎಂಜಿನ್ ಬಂದ್ ಇಟ್ಟು, 20 ಲೀಟರಿನ ನೀರಿನ ಕ್ಯಾನ್ ಒಂದೊಂದ ಇಟ್ಟುಕೊಂತ ಹೋಗ್ರಿ. ಎಷ್ಟು ಮಂದಿ ಕೂಡಬಹುದು ಅನ್ನೋದಕ್ಕ ಅಮೆರಿಕಾದವರು ಸಣ್ಣ ಬೋಟಿಗೆ ಬಳಸೋ ಲೆಕ್ಕ ಐತಿ, ಅಡಿ ಲೆಕ್ಕದಾಗ ಉದ್ದ ಅಗಲ ಗುಣಿಸಿ 15ರಿಂದ ಭಾಗಿಸೋದು, 14 ಅಡಿ ಉದ್ದ 5 ಅಡಿ ಅಗಲದ್ದಕ್ಕ ನಾಲ್ಕು ಮಂದಿ, ಅದೂ ನೀರು ಶಾಂತ ಇದ್ದಾಗ. ನಾಲ್ಕು ಮಂದಿ ತೂಕದಷ್ಟು ಕ್ಯಾನ್ ಇಟ್ಟಾದ ಮ್ಯಾಲೆ ಒಂದು ತಾಸು ಹಂಗ ಬಿಟ್ಟು ನೆಲದ ಕೆಳಗ ಕೈ ಹಾಕಿ ನೋಡ್ರಿ. ಒಂದೆರಡು ಲೋಟ ನೀರು ಬಂದಿದ್ರ ಅಂಜಬ್ಯಾಡ್ರಿ, ರಿವಿಟ್ ಬೋಟಿಗೆ ಅದು ಇದ್ದದ್ದ. ಬಕೆಟ್ ತುಂಬೋ ಅಷ್ಟು ಬಂದಿದ್ರ ಆ ದಿನ ಮೀನಿನ ಆಸೆ ಬಿಟ್ಟು ದಂಡಿಗೆ ಎಳಕೊಂಡು ಬಂದು ಮತ್ತ ಮಾರ್ಕರ್ ತಗೋರಿ. ಎಲ್ಲಾ ಸರಿ ಇದ್ರ ಲೈಫ್ ಜಾಕೆಟ್ ಹಾಕ್ಕೊಂಡು, ದಂಡಿ ಗುಂಟ, ಹುಟ್ಟು ಹಾಕ್ಕೊಂತ ಒಂದು ಸುತ್ತು ಹೊಡದು ಬಂದ ಮ್ಯಾಲೇನ ಎಂಜಿನ್ ಚಾಲೂ ಮಾಡ್ರಿ.